ಬೆಂಗಳೂರು ಬ್ಲೂ ದ್ರಾಕ್ಷಿಯಿಂದ ಸಿಹಿ ಇಲ್ಲದ ಒಳ್ಳೆ ವೈನ್ ಯಾಕೆ ಆಗ್ತಿಲ್ಲ? ಮಾಡೋರು, ಕುಡಿಯೋರು ಇಬ್ಬರೂ ಹೇಳಿ

ಕಲ್ಲುಕಂಬ_ಚಪ್ಪರ:
ನಮ್ಮದು ದೊಡ್ಡಬಳ್ಳಾಪುರ ಕಡೆ. ತಾತನ ಕಾಲದಿಂದ ಬೆಂಗಳೂರು ಬ್ಲೂ ಬೆಳೀತಿದ್ದೀವಿ. ಕಲ್ಲುಕಂಬದ ಮೇಲೆ ತಂತಿ ಚಪ್ಪರ, ವರ್ಷಕ್ಕೆ ಎರಡು ಫಸಲು. ನಂದಿ ಬೆಟ್ಟದ ಬುಡದಲ್ಲಿ ಉದ್ಯಮಿ ಕನ್ವಲ್ ಗ್ರೋವರ್ 1980ರ ದಶಕದ ಕೊನೆಗೆ ಫ್ರಾನ್ಸಿನ ತಳಿಗಳನ್ನು ತಂದು ನೆಟ್ಟಾಗ ನಮ್ಮೂರವರು ಹೋಗಿ ನೋಡಿ ಬಂದಿದ್ದರಂತೆ. ಚಪ್ಪರ ಇಲ್ಲ, ಬೇಲಿ ಥರ ಸಾಲಾಗಿ ನಿಲ್ಲಿಸಿದ್ದಾರೆ, ಇದರಲ್ಲಿ ಎಷ್ಟು ಕಾಯಿ ಬಿಟ್ಟೀತು ಅಂತ ಮಾತಾಡಿಕೊಂಡಿದ್ದರಂತೆ. ಇವತ್ತು ಅದೇ ತೋಟದ ಕ್ಯಾಬರ್ನೆ, ಶಿರಾಜ್ ವೈನ್ ಹೊರದೇಶಕ್ಕೂ ಹೋಗುತ್ತೆ. ಫ್ರಾನ್ಸಿನ ವೈನ್ ತಜ್ಞ ಮಿಶೆಲ್ ರೋಲಾಂಡ್ ಅಂಥ ದೊಡ್ಡ ಹೆಸರಿನವರು 1990ರ ದಶಕದಲ್ಲೇ ಅವರಿಗೆ ಸಲಹೆ ಕೊಡೋಕೆ ಶುರು ಮಾಡಿದ್ದರು.

ನಮ್ಮ ಬ್ಲೂಗೆ 2013ರಲ್ಲಿ ಜಿಐ (ಭೌಗೋಳಿಕ ಗುರುತು) ಟ್ಯಾಗ್ ಸಿಕ್ತು. ಆದರೆ ಅದು ಹೋಗೋದು ಜ್ಯೂಸಿಗೆ, ಜಾಮಿಗೆ, ಇಲ್ಲಾ 'ಪೋರ್ಟ್' ಅಂತ ಮಾರುವ ಗಟ್ಟಿ ಸಿಹಿ ವೈನಿಗೆ. ಊಟದ ಜೊತೆ ಕುಡಿಯುವಂಥ, ಸಕ್ಕರೆ ಇಲ್ಲದ ವೈನ್ ಇದರಿಂದ ಯಾಕೆ ಆಗ್ತಿಲ್ಲ? ಹಣ್ಣೇ ಸರಿ ಇಲ್ಲವೋ, ಮಾಡುವ ಮನಸ್ಸಿಲ್ಲವೋ? ಗೊತ್ತಿದ್ದೋರು ಬಿಡಿಸಿ ಹೇಳಿ.

ರಾಜಾಜಿನಗರ_ರಘು:
ಬ್ಲೂ ವೈನ್ ಅಂದ್ರೆ ಸಿಹೀನೇ. ಜನಕ್ಕೆ ಅದೇ ಇಷ್ಟ. ಇಷ್ಟ ಆಗಿರೋದನ್ನ ಯಾಕೆ ಕೆಡಿಸ್ಬೇಕು?

ತೋಟಗಾರಿಕೆ_ಓದು:
ಹಣ್ಣಿನ ಸ್ವಭಾವದಿಂದ ಶುರು ಮಾಡೋಣ. ಕ್ಯಾಬರ್ನೆ, ಶಿರಾಜ್, ಶೆನಿನ್ ಬ್ಲಾಂಕ್ ಎಲ್ಲ ಯುರೋಪ್ ಮೂಲದ ವಿಟಿಸ್ ವಿನಿಫೆರಾ ಜಾತಿ. ಬೆಂಗಳೂರು ಬ್ಲೂ ಅಮೆರಿಕ ಮೂಲದ ಲಬ್ರುಸ್ಕಾ ಗುಂಪಿನದು, ಇಸಬೆಲ್ಲಾ ತಳಿಗೆ ಹತ್ತಿರದ ಸಂಬಂಧಿ. ಚಪ್ಪರದ ಕೆಳಗೆ ನಿಂತರೆ ಮೂಗಿಗೆ ಹೊಡೆಯುತ್ತಲ್ಲ ಆ ಪರಿಮಳ, ಅದರ ಮುಖ್ಯ ಕಾರಣ ಮೀಥೈಲ್ ಆಂತ್ರನಿಲೇಟ್ ಎಂಬ ಸಂಯುಕ್ತ. ದ್ರಾಕ್ಷಿ ಚಾಕೊಲೇಟು, ಕೂಲ್‌ಡ್ರಿಂಕ್‌ಗೆ ಹಾಕುವ ಎಸೆನ್ಸಿನಲ್ಲೂ ಇರುವುದು ಇದೇ. ಹಾಗಾಗಿ ವೈನ್ ಮಾಡಿದಾಗ ಕೆಲವರಿಗೆ ಜಾಮ್ ಕುಡಿದ ಹಾಗೆ ಅನ್ನಿಸುತ್ತದೆ.

ಎರಡನೆಯದು ಸಕ್ಕರೆ. ಬ್ಲೂ ಸಾಮಾನ್ಯವಾಗಿ 16ರಿಂದ 18 ಬ್ರಿಕ್ಸ್‌ಗೆ (ರಸದ ಸಕ್ಕರೆಯ ಅಳತೆ) ನಿಲ್ಲುತ್ತದೆ. ವೈನ್ ತಳಿಗಳನ್ನು 22ರಿಂದ 24ಕ್ಕೆ ಕೊಯ್ಯುತ್ತಾರೆ. ಒಂದು ಲೀಟರ್ ರಸದಲ್ಲಿ ಸುಮಾರು 17 ಗ್ರಾಂ ಸಕ್ಕರೆ ಹುದುಗಿದರೆ ಶೇ 1ರಷ್ಟು ಆಲ್ಕೋಹಾಲ್. ಲೆಕ್ಕ ಹಾಕಿದರೆ ಬ್ಲೂ ತಾನಾಗಿಯೇ ಶೇ 9–10 ದಾಟುವುದು ಕಷ್ಟ. ಹುಳಿಯೂ ಜಾಸ್ತಿ. ಅದಕ್ಕೇ ಸಕ್ಕರೆ ಸುರಿಯುತ್ತಾರೆ, ಸ್ಪಿರಿಟ್ ಸೇರಿಸಿ ಗಟ್ಟಿ ಮಾಡುತ್ತಾರೆ.

ಇದರ ಬಗ್ಗೆ ಯಾರೂ ಯೋಚಿಸಿಲ್ಲ ಅನ್ನೋದು ಮಾತ್ರ ಸರಿಯಲ್ಲ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಐಐಎಚ್‌ಆರ್‌ನಲ್ಲಿ ಬ್ಲೂ ಜೊತೆ ಬ್ಲ್ಯಾಕ್ ಚಂಪಾ ಕೂಡಿಸಿ ಅರ್ಕಾ ಶ್ಯಾಮ್, ಕಾನ್ವೆಂಟ್ ಲಾರ್ಜ್ ಬ್ಲ್ಯಾಕ್ ಕೂಡಿಸಿ ಅರ್ಕಾ ತೃಷ್ಣಾ ತಳಿ ತಂದರು. ಎರಡನ್ನೂ ವೈನಿಗೆ ಆಗುತ್ತದೆ ಅಂತಲೇ ಬಿಡುಗಡೆ ಮಾಡಿದ್ದು.

ಕಲ್ಲುಕಂಬ_ಚಪ್ಪರ:
ತಳಿ ಬಿಟ್ಟಿದ್ದು ಗೊತ್ತು. ನಮ್ಮ ಹೋಬಳಿಯಲ್ಲಿ ಯಾರ ತೋಟದಲ್ಲೂ ನೋಡಿಲ್ಲ. ಮಾರುಕಟ್ಟೆಯಲ್ಲಿ ಕೇಳೋರು ಇದ್ದರೆ ತಾನೇ ರೈತ ನೆಡೋದು?

ಕಂಕನಾಡಿ_ಕಿಚನ್:
ಹಣ್ಣೇ ಸರಿ ಇಲ್ಲ ಅಂತ ಯಾರು ಹೇಳಿದ್ದು ಮಾರಾಯ್ರೆ? ಮಂಗಳೂರಿನಲ್ಲಿ ಕ್ರಿಸ್ಮಸಿಗೆ ಮನೆಮನೆಯಲ್ಲಿ ವೈನ್ ಆಗುವುದು ಇದೇ ಬೀಜದ ಕಪ್ಪು ದ್ರಾಕ್ಷಿಯಿಂದ. ಬೇರೆ ದ್ರಾಕ್ಷಿ ತಂದರೆ ನಮ್ಮ ಮಮ್ಮಿ ವಾಪಸ್ ಕೊಟ್ಟು ಬನ್ನಿ ಅಂತಿದ್ದರು.

ಮಾಡುವುದು ಹೀಗೆ. ದ್ರಾಕ್ಷಿ ತೊಳೆದು, ಬಟ್ಟೆಯ ಮೇಲೆ ಹರವಿ, ಒಂದು ಹನಿ ನೀರೂ ಉಳಿಯದ ಹಾಗೆ ಒಣಗಿಸಬೇಕು. ಭರಣಿಯಲ್ಲಿ ಕೈಯಿಂದಲೇ ಹಿಚುಕಬೇಕು, ಮಿಕ್ಸಿಗೆ ಹಾಕಬಾರದು, ಬೀಜ ಒಡೆದರೆ ಕಹಿ. ಸಕ್ಕರೆ, ಕುದಿಸಿ ಆರಿಸಿದ ನೀರು, ಒಂದು ಹಿಡಿ ಗೋಧಿ, ಲವಂಗ, ದಾಲ್ಚಿನ್ನಿ, ಸ್ವಲ್ಪ ಯೀಸ್ಟ್. ಬಾಯಿಗೆ ಬಟ್ಟೆ ಕಟ್ಟಿ ಕತ್ತಲೆಯಲ್ಲಿ ಇಡುವುದು. ದಿನಾ ಒಂದೇ ಹೊತ್ತಿಗೆ ಮರದ ಸೌಟಿನಲ್ಲಿ ತಿರುಗಿಸುವುದು. 21 ದಿನಕ್ಕೆ ಸೋಸಿ, ಸಕ್ಕರೆ ಕರಗಿಸಿ ಕಂದು ಮಾಡಿ ಬಣ್ಣಕ್ಕೆ ಹಾಕಿ, ಮತ್ತೆ ಕೂರಲಿಕ್ಕೆ ಬಿಡುವುದು. ಕುಸ್ವಾರ್ (ಕ್ರಿಸ್ಮಸ್ ತಿಂಡಿ) ತಟ್ಟೆ ಹಿಡಿದು ನೆರೆಮನೆಗೆ ಹೋಗುವಾಗ ಜೊತೆಗೊಂದು ಚಿಕ್ಕ ಬಾಟಲಿ. ಯಾರ ಮನೆಯ ವೈನ್ ಯಾವುದು ಅಂತ ಒಂದು ಗುಟುಕಿನಲ್ಲಿ ಹೇಳುವವರು ನಮ್ಮ ವಾಡೆಯಲ್ಲಿ ಇದ್ದಾರೆ.

ತೋಟಗಾರಿಕೆ_ಓದು:
ಅಕ್ಕಾ, ಗೋಧಿ ಯಾಕೆ ಹಾಕ್ತೀರಿ? ಯೀಸ್ಟಿಗೆ ಒಂದಿಷ್ಟು ಪೋಷಕಾಂಶ ಸಿಗಬಹುದು, ಅದು ಬಿಟ್ಟರೆ ಹೆಚ್ಚೇನೂ ಮಾಡಲ್ಲ.

ಕಂಕನಾಡಿ_ಕಿಚನ್:
ಗೋಧಿ ಹಾಕದಿದ್ದರೆ ವೈನ್ ತೆಳು ಆಗುತ್ತದೆ. ಎರಡೂ ಮಾಡಿ ನೋಡಿಯೇ ಹೇಳುವುದು ನಾನು. ಪುಸ್ತಕದಲ್ಲಿ ಇಲ್ಲದ್ದು ಭರಣಿಯಲ್ಲಿ ಉಂಟು.

ಮಡಿಕೇರಿ_ಮಂಜು:
ಮುಚ್ಚಳ ಬಿಗಿ ಮಾಡಬೇಡಿ ಅಂತ ಒತ್ತಿ ಹೇಳಿ ದಯವಿಟ್ಟು. ಹುದುಗುವಾಗ ಇಂಗಾಲದ ಡೈಆಕ್ಸೈಡ್ ಹೊರಬರುತ್ತಲೇ ಇರುತ್ತೆ. ಗಾಜಿನ ಬಾಟಲಿಗೆ ತುಂಬಿ ಬಿರಡೆ ಬಿಗಿದಿಟ್ಟು ಸಿಡಿದು ಗಾಯ ಆಗಿದ್ದನ್ನು ನೋಡಿದ್ದೀನಿ.

ಕೊಡಗಿನಲ್ಲೂ ಮನೆ ವೈನ್ ಉಂಟು. ದ್ರಾಕ್ಷಿ ಒಂದೇ ಅಲ್ಲ, ಶುಂಠಿ, ನೆಲ್ಲಿಕಾಯಿ, ಪ್ಯಾಷನ್ ಫ್ರೂಟ್, ವೀಳ್ಯದೆಲೆ ಯಾವುದರಲ್ಲಾದರೂ ಮಾಡ್ತಾರೆ. ಒಳ್ಳೆ ಮನೆಯಲ್ಲಿ ಮಾಡಿದ ಶುಂಠಿ ವೈನ್ ಮಳೆಗಾಲದ ರಾತ್ರಿಗೆ ಬಹಳ ಹಿತ. ಬೇಜಾರು ಏನಂದ್ರೆ ಪ್ರವಾಸಿಗರು ಹೆಚ್ಚಾದ ಮೇಲೆ ರಸ್ತೆಬದಿ ಅಂಗಡಿಗಳಲ್ಲಿ 'ಹೋಮ್‌ಮೇಡ್ ವೈನ್' ಅಂತ ಬಣ್ಣ, ಎಸೆನ್ಸ್, ಸಕ್ಕರೆಪಾಕ ಕೂಡಿಸಿ ಮಾರೋರೂ ಬಂದಿದ್ದಾರೆ. ಅದನ್ನು ಕುಡಿದು ಹೋದವರು ಕೊಡಗಿನ ವೈನ್ ಅಂದ್ರೆ ಇಷ್ಟೇ ಅಂದ್ಕೊಳ್ತಾರೆ. ಅಜ್ಜಿಯಿಂದ ಕಲಿತು ಮಾಡೋ ಹೆಂಗಸರ ಹೆಸರು ಎಲ್ಲೂ ಬರೋದಿಲ್ಲ.

ರಾಜಾಜಿನಗರ_ರಘು:
ಮನೆಯಲ್ಲಿ ಮಾಡೋದು ಕಾನೂನು ಪ್ರಕಾರ ಸರಿನಾ?

ನಿರ್ವಾಹಕ:
ಮಾರುವುದಾದರೆ ಅಬಕಾರಿ ಲೈಸೆನ್ಸ್ ಬೇಕೇ ಬೇಕು. ಈ ವೇದಿಕೆಯಲ್ಲಿ ಯಾರೂ ಮನೆ ವೈನ್ ಕೊಳ್ಳುವ, ಮಾರುವ ಪೋಸ್ಟ್ ಹಾಕಬೇಡಿ. ಹಾಕಿದರೆ ಅಳಿಸುತ್ತೇವೆ.

ಹಳ್ಳಿಮನೆ_ಶಾರದಾ:
ಎಲ್ಲರೂ ಸಂತೋಷವಾಗಿ ಬರೀತಿದ್ದೀರಿ. ನಾನು ಬೇರೆ ಮಾತು ಹೇಳಬೇಕು. ಕುಡಿತದಿಂದ ನಮ್ಮೂರಲ್ಲಿ ಮನೆಗಳು ಬಿದ್ದಿದ್ದನ್ನು ಕಣ್ಣಾರೆ ನೋಡಿದವಳು ನಾನು. ಕೂಲಿ ದುಡ್ಡು ಸಂಜೆಗೆ ಅಂಗಡಿ ಸೇರುತ್ತಿತ್ತು. ಹೆಂಗಸರೆಲ್ಲ ಸೇರಿ ಅಂಗಡಿ ಮುಚ್ಚಿಸಲು ತಾಲ್ಲೂಕು ಕಚೇರಿ ಮುಂದೆ ಕೂತಿದ್ದೆವು. ಇಷ್ಟು ಕುಡಿದರೆ ಪೂರ್ತಿ ಸುರಕ್ಷಿತ ಅನ್ನುವ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ 2023ರಲ್ಲಿ ಹೇಳಿದೆ. ವೈನ್ ಅಂದ ಕೂಡಲೇ ಅದು ಬೇರೆ ಅನ್ನುವುದು ಬೇಡ.

ಸ್ಟುಟ್‌ಗಾರ್ಟ್_ಕನ್ನಡಿಗ:
ಶಾರದಕ್ಕ, ನಿಮ್ಮ ಮಾತು ಒಪ್ಪುತ್ತೇನೆ. ವೈನ್ ಹೃದಯಕ್ಕೆ ಒಳ್ಳೆಯದು ಅಂತ ಕುಡಿಯುವವರು ಆ ನೆಪ ಬಿಡಬೇಕು. ರುಚಿಗೆ, ಜೊತೆಗೆ, ಸ್ವಲ್ಪವೇ ಕುಡಿಯೋದಾದರೆ ಹಾಗಂತಲೇ ಹೇಳಿ ಕುಡಿಯಲಿ.

ನೆಲಮಾಳಿಗೆ_ಹುಡುಗ:
ನಾನು ಒಂದು ವೈನರಿಯ ಸೆಲ್ಲಾರಿನಲ್ಲಿ ಕೆಲಸ ಮಾಡ್ತೀನಿ. ಯಾವುದು ಅಂತ ಕೇಳಬೇಡಿ. ಶಾರದಮ್ಮ ಹೇಳಿದ್ದು ನಮ್ಮ ಮನೆಯಲ್ಲೂ ಗೊತ್ತು. ನಮ್ಮ ಚಿಕ್ಕಪ್ಪ ಹಾಗೇ ಹೋದರು. ನಾನು ವೈನರಿಗೆ ಸೇರ್ತೀನಿ ಅಂದಾಗ ಅಮ್ಮ ತಿಂಗಳುಗಟ್ಟಲೆ ಮಾತಾಡಲಿಲ್ಲ. ಒಂದು ಸಲ ಕೊಯ್ಲಿನ ಸಮಯಕ್ಕೆ ಕರ್ಕೊಂಡು ಹೋಗಿ ತೋರಿಸಿದ ಮೇಲೆ "ಇದೂ ವ್ಯವಸಾಯಾನೇ" ಅಂದರು.

ಕೊಯ್ಲು ಅಂದ್ರೆ ಫೆಬ್ರವರಿ, ಮಾರ್ಚ್. ಬಿಸಿಲು ಏರೋ ಮುಂಚೆ, ಬೆಳಕು ಹರಿಯೋ ಹೊತ್ತಿಗೇ ಕೊಯ್ಯಬೇಕು. ಹಣ್ಣು ಬಿಸಿಯಾಗಿ ಬಂದರೆ ಪರಿಮಳ ಹೋಯ್ತು ಅಂತಲೇ ಲೆಕ್ಕ. ಕ್ರೇಟ್‌ಗಳು ಬಂದು ಬೆಲ್ಟ್ ಮೇಲೆ ಬಿದ್ದಾಗ ಎಲೆ, ಒಣಗಿದ ಕಾಯಿ, ಕೊಳೆತಿದ್ದು ಆರಿಸೋದು ಅಕ್ಕಪಕ್ಕದ ಹಳ್ಳಿ ಹೆಂಗಸರು. ಅವರಲ್ಲಿ ಒಬ್ಬರು ಹಿರಿಯರು ಇದ್ದಾರೆ, ವೈನ್ ಬಾಯಿಗಿಟ್ಟವರಲ್ಲ. ಆದರೆ ಕ್ರೇಟಿಗೆ ಮೂಗು ಹತ್ತಿರ ತಂದು "ಇದು ಕೆರೆ ಕಡೆ ತಾಕು, ನೆನ್ನೆ ನೀರು ಬಿಟ್ಟಿದ್ದಾರೆ" ಅಂದ್ರೆ ಬ್ರಿಕ್ಸ್ ಮೀಟರ್ ಕೂಡ ಅದನ್ನೇ ತೋರಿಸುತ್ತೆ. ವೈನ್ ಮೇಕರ್ ಅವರನ್ನು ಕೇಳದೆ ಆ ತಾಕಿನ ಹಣ್ಣನ್ನು ಬೇರೆ ಹಣ್ಣಿಗೆ ಬೆರೆಸಲ್ಲ.

ಕೆಂಪು ವೈನ್ ಆದರೆ ಸಿಪ್ಪೆ ಸಮೇತ ಟ್ಯಾಂಕಿಗೆ. ಹುದುಗೋಕೆ ಶುರುವಾದ ಮೇಲೆ ಸಿಪ್ಪೆಯೆಲ್ಲ ಮೇಲೆ ಬಂದು ಗಟ್ಟಿ ಪದರ ಕಟ್ಟುತ್ತೆ. ಅದು ಒಣಗಬಾರದು, ಹಗಲೂ ರಾತ್ರಿ ಕೆಳಗಿನ ರಸ ಎತ್ತಿ ಮೇಲೆ ಸುರೀತಾ ಇರಬೇಕು. ಅದಕ್ಕೆ ಪಂಪ್ ಓವರ್ ಅಂತೀವಿ. ಸಿಪ್ಪೆ ತೆಗೆಯೋಕೆ ಟ್ಯಾಂಕಿನೊಳಗೆ ಇಳಿಯೋ ಮುಂಚೆ ಗಾಳಿ ಪರೀಕ್ಷೆ ಮಾಡಲೇಬೇಕು, ತಳದಲ್ಲಿ ಇಂಗಾಲದ ಡೈಆಕ್ಸೈಡ್ ನಿಂತಿದ್ದರೆ ಮನುಷ್ಯ ಎರಡನೇ ಉಸಿರಿಗೆ ಬೀಳ್ತಾನೆ. ಆ ಎರಡು ತಿಂಗಳು ಉಗುರ ಸಂದಿಯ ನೇರಳೆ ಬಣ್ಣ ಹೋಗಲ್ಲ. ಮದುವೆ ಮನೆಗೆ ಹೋದರೂ ಕೈ ನೋಡಿ ಎಲ್ಲಿ ಕೆಲಸ ಅಂತ ಕೇಳ್ತಾರೆ.

ಬ್ಲೂ ಪ್ರಶ್ನೆಗೆ ಬರ್ತೀನಿ. ಕಂಪನಿಗಳು ಮಾಡಲ್ಲ ಯಾಕಂದ್ರೆ ಬ್ಲೂ ಅಂದ ಕೂಡಲೇ ಗಿರಾಕಿ ಅಗ್ಗದ ಸಿಹಿ ವೈನ್ ಅಂದ್ಕೊಳ್ತಾನೆ. ಒಳ್ಳೇದು ಮಾಡಿ ದುಬಾರಿ ಬೆಲೆ ಇಟ್ಟರೆ ಯಾರು ಕೊಳ್ತಾರೆ ಅನ್ನೋ ಭಯ. ಹಣ್ಣಿನ ದೋಷಕ್ಕಿಂತ ಈ ಭಯ ದೊಡ್ಡದು.

ತಿಕೋಟಾ_ತ್ವಾಟ:
ವಿಜಯಪುರ ಕಡಿಂದ ನಮಸ್ಕಾರ್ರೀ ಎಲ್ಲಾರಿಗೂ. ಬೆಂಗಳೂರು ಮಂದಿ ಬ್ಲೂ ಬಗ್ಗೆ ಮಾತಾಡಾಕತ್ತೀರಿ, ನಮ್ಮ ಕಡಿ ಕತಿ ಬ್ಯಾರೇನ ಐತಿ. ತಿಕೋಟಾ, ಬಬಲೇಶ್ವರ ಸುತ್ತಮುತ್ತ ಎಲ್ಲಾ ಥಾಮ್ಸನ್, ಸೊನಾಕಾ, ಮಾಣಿಕ್ ಚಮನ್, ತಿನ್ನಾಕ, ಒಣಗಿಸಾಕ ಬೆಳಿಯೂ ತಳಿ. ಏಪ್ರಿಲ್‌ದಾಗ ಒಂದು ಚಾಟ್ನಿ (ಟೊಂಗಿ ಕತ್ತರಿಸೂದು), ಅಕ್ಟೋಬರ್‌ದಾಗ ಇನ್ನೊಂದು ಚಾಟ್ನಿ, ಹಣ್ಣು ಮಾತ್ರ ಒಂದ ಸಲ. ಕೊಯ್ದ ಹಣ್ಣು ಡಿಪ್ಪಿಂಗ್ ಆಯಿಲ್, ಪೊಟ್ಯಾಶಿಯಂ ಕಾರ್ಬೋನೇಟ್ ನೀರಿನ್ಯಾಗ ಎದ್ದಿ ಶೆಡ್ಡಿನ ಬಲೀ ಮ್ಯಾಲ ಹರವಿದ್ರ ಹದಿನೈದು ದಿನದಾಗ ಒಣದ್ರಾಕ್ಷಿ ಆಕ್ಕೈತಿ. ತಾಸಗಾಂವ, ಸಾಂಗ್ಲಿ ಪ್ಯಾಟಿಗೆ ಹೊಕ್ಕೈತಿ. ರೇಟ್ ಬಿದ್ರ ಕೋಲ್ಡ್ ಸ್ಟೋರೇಜಿನ್ಯಾಗ ಇಡಬಹುದು. ಅದs ನಮಗ ಧೈರ್ಯ.

2007ರಾಗ ಸರಕಾರ ವೈನ್ ಪಾಲಿಸಿ ಮಾಡ್ತು, ವೈನ್ ಬೋರ್ಡ್ ಆತು. ಕೃಷ್ಣಾ ಕೊಳ್ಳದಾಗ ವೈನ್ ದ್ರಾಕ್ಷಿ ಹಚ್ಚ್ರಿ ಅಂದ್ರು. ನಮ್ಮ ಬಾಜೂ ಹೊಲದ ಕಾಕಾ ಕ್ಯಾಬರ್ನೆ ಹಚ್ಚಿದ. ಮೊದಲ ವರ್ಷ ಕಂಪನಿಯವರು ಛಲೋ ರೇಟ್ ಕೊಟ್ರು. ಒಂದು ವರ್ಷ ಹಣ್ಣು ಬಂದು ನಿಂತೈತಿ, ಟ್ಯಾಂಕ್ ತುಂಬೇತಿ ಅಂತ ಫೋನ್ ಇಟ್ಟುಬಿಟ್ರು. ಈಗ ಹೇಳ್ರಿ, ವೈನ್ ದ್ರಾಕ್ಷಿ ಸಣ್ಣ ಕಾಯಿ, ದಪ್ಪ ತೊಗಲು, ಒಳಗ ಬೀಜ. ತಿನ್ನಾಕ ಯಾರೂ ಒಯ್ಯೂದಿಲ್ಲ, ಒಣಗಿಸಿದ್ರ ಯಾರೂ ಕೇಳೂದಿಲ್ಲ. ತಗೊಳ್ಳಾವ ಒಬ್ಬನ. ಅವ ಒಲ್ಲೆ ಅಂದ್ರ ಗಿಡದಾಗ ಕೊಳೀಬೇಕು. ಕಾಕಾ ಕಿತ್ತಿ ಒಗೆದ, ಥಾಮ್ಸನ್ ಹಚ್ಚಿದ. ವೈನ್ ಹೆಂಗ ಕುಡೀಬೇಕು ಅಂತ ಮಾತಾಡೂ ಮುಂದ ಈ ಮಾತೂ ಬರಬೇಕ್ರಿ.

ಕಲ್ಲುಕಂಬ_ಚಪ್ಪರ:
ತಿಕೋಟಾದಣ್ಣ, ಬಹಳ ಸತ್ಯ. ಬ್ಲೂನ ದೊಡ್ಡ ಗುಣ ಇದೇ. ವೈನರಿಯವರು ಬರಲಿಲ್ಲ ಅಂದ್ರೆ ಜ್ಯೂಸಿನವರು, ಅವರೂ ಬರಲಿಲ್ಲ ಅಂದ್ರೆ ಮಾರ್ಕೆಟ್ಟು. ರೇಟ್ ಬೀಳುತ್ತೆ, ಆದರೆ ಹಣ್ಣು ಗಿಡದಲ್ಲೇ ಕೊಳೆಯೋ ಪರಿಸ್ಥಿತಿ ಅಪರೂಪ. ಹೆಕ್ಟೇರಿಗೆ 40 ಟನ್ ಇಳಿಸಬಹುದು. ವೈನ್ ತಳಿಗಳಲ್ಲಿ ಅದರ ಕಾಲುಭಾಗ ಬಂದರೆ ಹೆಚ್ಚು, ಗುಣಮಟ್ಟಕ್ಕೆ ಅಂತ ಅದನ್ನೂ ಕತ್ತರಿಸಿ ಬಿಸಾಕ್ತಾರೆ.

ಎಚ್‌ಎಸ್‌ಆರ್_ಹರೀಶ:
ಆದರೆ ಲಬ್ರುಸ್ಕಾ ವೈನ್ ಯುರೋಪಿನಲ್ಲಿ ನಿಷೇಧ ಅಲ್ವಾ? ಮೀಥನಾಲ್ ಅನ್ನೋ ವಿಷ ಬರುತ್ತೆ ಅಂತ ಓದಿದ್ದೆ. ನಿಷೇಧ ಆಗಿರೋ ಹಣ್ಣಿನಿಂದ ಒಳ್ಳೆ ವೈನ್ ಮಾಡ್ತೀವಿ ಅನ್ನೋದು ಸರಿ ಕಾಣಲ್ಲ.

ತೋಟಗಾರಿಕೆ_ಓದು:
ಅರ್ಧ ಮಾತ್ರ ನಿಜ. 1930ರ ದಶಕದಲ್ಲಿ ಫ್ರಾನ್ಸ್ ಇಸಬೆಲ್ಲಾ, ನೋವಾ, ಕ್ಲಿಂಟನ್ ಸೇರಿ ಆರು ತಳಿಗಳನ್ನು ನಿಷೇಧಿಸಿತು. ಆಗ ಅಲ್ಲಿ ವೈನ್ ಮಿತಿಮೀರಿ ಉತ್ಪಾದನೆಯಾಗಿ ಬೆಲೆ ಕುಸಿದಿತ್ತು, ರೈತರು ಮನೆಮಟ್ಟಿಗೆ ಬೆಳೆಯುತ್ತಿದ್ದ ಈ ಗಟ್ಟಿ ತಳಿಗಳನ್ನು ತೆಗೆಸುವುದೂ ಉತ್ಪಾದನೆ ತಗ್ಗಿಸುವ ಕ್ರಮದ ಭಾಗ. ಲಬ್ರುಸ್ಕಾ ಸಿಪ್ಪೆಯಲ್ಲಿ ಪೆಕ್ಟಿನ್ (ಜಾಮನ್ನು ಗಟ್ಟಿ ಮಾಡುವ ಅಂಶ) ಹೆಚ್ಚು, ಅದರಿಂದ ಮೀಥನಾಲ್ ತುಸು ಹೆಚ್ಚು ಬರಬಹುದು, ಅಪಾಯದ ಮಟ್ಟ ಮುಟ್ಟುವುದಿಲ್ಲ. ಜನ ಸಾಯುವುದು ಕಲಬೆರಕೆ ಕಳ್ಳಬಟ್ಟಿಯಿಂದ, ಹುದುಗಿಸಿದ ದ್ರಾಕ್ಷಿರಸದಿಂದ ಅಲ್ಲ.

ಇನ್ನೊಂದು ಮಾತು. 19ನೇ ಶತಮಾನದಲ್ಲಿ ಫಿಲಾಕ್ಸೆರಾ ಎಂಬ ಕೀಟ ಬೇರು ತಿಂದು ಫ್ರಾನ್ಸಿನ ತೋಟಗಳನ್ನು ನಾಶ ಮಾಡಿದಾಗ ಅವರನ್ನು ಉಳಿಸಿದ್ದು ಅಮೆರಿಕದ ಕಾಡುದ್ರಾಕ್ಷಿಯ ಬೇರು. ಇಂದಿಗೂ ಕಸಿ ಕಟ್ಟುವುದು ಅದರ ಮೇಲೆಯೇ. ತಿಕೋಟಾದವರೂ ಡಾಗ್‌ರಿಜ್ ಮೇಲೇ ಕಟ್ಟಿರುತ್ತಾರೆ, ಅದೂ ಅಮೆರಿಕದ್ದೇ.

ತಿಕೋಟಾ_ತ್ವಾಟ:
ಹೌದ್ರಿ, ಡಾಗ್‌ರಿಜ್ಜs. ನೀರು ಉಪ್ಪಾದ್ರೂ ತಡ್ಕೊಂತೈತಿ, ಬರಗಾಲಕ್ಕೂ ಜಗ್ಗೂದಿಲ್ಲ.

ಸ್ಟುಟ್‌ಗಾರ್ಟ್_ಕನ್ನಡಿಗ:
ಹರೀಶ್ ಅವರ ಪ್ರಶ್ನೆಗೆ ಇಲ್ಲಿಂದ ಒಂದು ಉತ್ತರ. ಆಸ್ಟ್ರಿಯಾದ ಬುರ್ಗನ್‌ಲಾಂಡ್ ಪ್ರಾಂತ್ಯದ ದಕ್ಷಿಣದಲ್ಲಿ ಊಹುಡ್ಲರ್ ಅಂತ ಒಂದು ವೈನ್ ಇದೆ. ಇಸಬೆಲ್ಲಾ ಥರದ ಲಬ್ರುಸ್ಕಾ ತಳಿಗಳಿಂದಲೇ ಮಾಡುವುದು. ಬಹಳ ವರ್ಷ ಮಾರಾಟ ನಿಷೇಧ ಇತ್ತು, ಮನೆಯವರು ಮಾಡಿ ಮನೆಯವರೇ ಕುಡಿಯುತ್ತಿದ್ದರು. ಬಿಡಲಿಲ್ಲ ಅವರು. ಹೋರಾಡಿ 1992ರಲ್ಲಿ ಅನುಮತಿ ತಂದರು. ನಾನು ಕುಡಿದಿದ್ದೇನೆ. ತಿಳಿ ಗುಲಾಬಿ ಬಣ್ಣ, ನಾಲಿಗೆಯ ಎರಡೂ ಅಂಚು ಜುಮ್ಮೆನ್ನಿಸುವ ಹುಳಿ, ಕಾಡು ಸ್ಟ್ರಾಬೆರಿ ಪರಿಮಳ. ಸಿಹಿ ಇಲ್ಲವೇ ಇಲ್ಲ. ಮೂಗಿಗೆ ತಂದಾಗ ಚಿಕ್ಕಬಳ್ಳಾಪುರದ ಚಪ್ಪರವೇ ನೆನಪಾಯಿತು. ಅಂದರೆ ಸಕ್ಕರೆ ಇಲ್ಲದ ಲಬ್ರುಸ್ಕಾ ವೈನ್ ಆಗುತ್ತದೆ, ಆಗಿದೆ, ಜನ ಹುಡುಕಿಕೊಂಡು ಹೋಗಿ ಕುಡಿಯುತ್ತಿದ್ದಾರೆ.

ಸ್ಟುಟ್‌ಗಾರ್ಟ್ ಬಗ್ಗೆಯೂ ಹೇಳಲೇಬೇಕು. ಊರೊಳಗೇ ಗುಡ್ಡದ ಇಳಿಜಾರಿನಲ್ಲಿ ದ್ರಾಕ್ಷಿ ತೋಟಗಳಿವೆ, ನಗರಸಭೆಗೇ ಸ್ವಂತ ವೈನರಿ ಇದೆ. ಇಲ್ಲಿನ ದ್ರಾಕ್ಷಿ ಬೆಳೆಗಾರರು ವರ್ಷದಲ್ಲಿ ಕೆಲವು ವಾರ ತಮ್ಮ ಮನೆ, ಕೊಟ್ಟಿಗೆಯನ್ನೇ ಊಟದ ಮನೆ ಮಾಡುತ್ತಾರೆ. ಬಾಗಿಲಿಗೆ ಪೊರಕೆ ಕಟ್ಟಿದರೆ ತೆರೆದಿದೆ ಎಂದರ್ಥ. ಹೆಸರು ಬೇಝನ್. ನಾಲ್ಕು ತಿಂಗಳಿಗಿಂತ ಹೆಚ್ಚು ತೆರೆಯುವಂತಿಲ್ಲ, 40 ಆಸನಕ್ಕಿಂತ ಹೆಚ್ಚು ಹಾಕುವಂತಿಲ್ಲ, ತಾವೇ ಮಾಡಿದ ವೈನನ್ನೇ ಕೊಡಬೇಕು. ಹೆಂಡತಿ ಅಡುಗೆ, ಮಗ ಬಡಿಸೋದು, ಯಜಮಾನ ಪಕ್ಕದಲ್ಲೇ ಕೂತು ಈ ಸಲ ಆಲಿಕಲ್ಲು ಮಳೆ ಯಾವ ಸಾಲನ್ನು ಹೊಡೆಯಿತು ಅಂತ ಹೇಳುತ್ತಿರುತ್ತಾನೆ. ಟ್ರೊಲಿಂಗರ್ ಅನ್ನುವ ತೆಳು ಕೆಂಪು ವೈನನ್ನು ಹೊರಗಿನವರು ಲೆಕ್ಕಕ್ಕೇ ಇಡುವುದಿಲ್ಲ. ಇವರಿಗೆ ಅದೇ ಬೇಕು. ಮಾಡಿದವನ ಎದುರು ಕೂತು ಕುಡಿಯುವಾಗ ಬಾಯಿಗೆ ಬರುವ ರುಚಿಯೇ ಬೇರೆ. ದೊಡ್ಡಬಳ್ಳಾಪುರದ ರೈತನ ಮನೆಯಂಗಳದಲ್ಲಿ ಹೀಗೊಂದು ಆಗಬಾರದೇ ಅಂತ ಪ್ರತಿ ಸಲ ಅನ್ನಿಸುತ್ತೆ.

ಮಡಿಕೇರಿ_ಮಂಜು:
ಪೊರಕೆ ಕಟ್ಟೋದು ಚೆನ್ನಾಗಿದೆ. ನಮ್ಮಲ್ಲಿ ಕಟ್ಟಿದ ಮರುದಿನ ಅಬಕಾರಿ ಜೀಪ್ ಬರುತ್ತೆ.

ನೆಲಮಾಳಿಗೆ_ಹುಡುಗ:
2007ರ ನೀತಿಯಲ್ಲಿ ವೈನ್ ಟಾವರ್ನ್ (ವೈನ್ ಕುಡಿಸೋ ಅಂಗಡಿ) ಅಂತ ಲೈಸೆನ್ಸ್ ತಂದಿದ್ದರು. ಉದ್ದೇಶ ಒಳ್ಳೇದಿತ್ತು. ಆದರೆ ಅಂಥ ಲೈಸೆನ್ಸ್ ತಗೊಂಡು ಅಂಗಡಿ ನಡೆಸೋಕೆ ಬಂಡವಾಳ ಬೇಕು. ನಾಲ್ಕೆಕರೆ ರೈತನಿಗೆ ಅದು ಎಟುಕಲ್ಲ.

ಊಟದ_ಮೇಜು:
ನಾನು ಇಂದಿರಾನಗರದ ಒಂದು ರೆಸ್ಟೋರೆಂಟಿನಲ್ಲಿ ವೈನ್ ಬಡಿಸ್ತೀನಿ. ಗಿರಾಕಿಗಳು ಮೊದಲು ಕೇಳೋದೇ ಗಾಢವಾದ ಕ್ಯಾಬರ್ನೆ. ತಗೊಂಡು ಖಾರದ ಚಾಪ್ಸ್ ಜೊತೆ ಕುಡಿದು ಬಾಯಿ ಉರಿ ಅಂತಾರೆ. ಟ್ಯಾನಿನ್ (ಸಿಪ್ಪೆ, ಬೀಜದಿಂದ ಬರುವ ಒಗರು) ಮತ್ತು ಆಲ್ಕೋಹಾಲ್ ಎರಡೂ ಮೆಣಸಿನ ಉರಿಯನ್ನು ಹೆಚ್ಚಿಸುತ್ತವೆ. ನಮ್ಮ ಸಾರು, ಪಲ್ಯಕ್ಕೆ ಬೇಕಿರೋದು ಟ್ಯಾನಿನ್ ಕಡಿಮೆ, ಹುಳಿ ಜಾಸ್ತಿ, ಆಲ್ಕೋಹಾಲ್ ಕಡಿಮೆ ಇರುವ, ತಣ್ಣಗೆ ಕುಡಿಯುವ ವೈನ್. ಶೆನಿನ್ ಬ್ಲಾಂಕ್ ಅದಕ್ಕೇ ಇಲ್ಲಿ ಓಡುತ್ತೆ. ಈಗ ಮೇಲಿನ ಪೋಸ್ಟ್‌ಗಳನ್ನು ಮತ್ತೆ ಓದಿ: ಬ್ಲೂನಲ್ಲಿ ಹುಳಿ ಜಾಸ್ತಿ, ಆಲ್ಕೋಹಾಲ್ ಶೇ 9–10. ಟ್ಯಾನಿನ್ ಕೂಡ ಕಡಿಮೆ. ದೋಷ ಅಂತ ಪಟ್ಟಿ ಮಾಡಿದ್ದೆಲ್ಲ ನಮ್ಮ ಊಟಕ್ಕೆ ಹೊಂದುವ ಗುಣಗಳು!

ರಾಜಾಜಿನಗರ_ರಘು:
ಬಸ್ಸಾರು ಮುದ್ದೆಗೆ ವೈನ್? ನಮ್ಮ ತಾತ ಕೇಳಿದ್ರೆ ಎದ್ದು ಹೋಗ್ತಿದ್ರು.

ಊಟದ_ಮೇಜು:
ನಾಟಿಕೋಳಿ ಸಾರಿಗೆ ಮಾಡಿ ನೋಡಿ ರಘು ಅವರೇ. ಮುದ್ದೆ ಟ್ಯಾನಿನ್ ಇರೋ ವೈನ್ ಜೊತೆ ಬಾಯಲ್ಲಿ ಒಗರಾಗುತ್ತೆ, ಹುಳಿ ವೈನ್ ಜೊತೆ ಆಗಲ್ಲ.

ಮಡಿಕೇರಿ_ಮಂಜು:
ಪಂದಿ ಕರಿಗೆ? ಅದರಲ್ಲಿ ಕಾಚಂಪುಳಿ ಹುಳಿ, ಹುರಿದ ಮಸಾಲೆ, ಕೊಬ್ಬು ಮೂರೂ ಇದೆ.

ಊಟದ_ಮೇಜು:
ಅದಕ್ಕೆ ಶಿರಾಜ್ ಹೊಂದುತ್ತೆ, ಅದರಲ್ಲೇ ಕರಿಮೆಣಸಿನ ಘಮ ಇರುತ್ತೆ. ಆದರೆ ಬಾಟಲಿಯನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ತೆಗೀರಿ. ಕೆಂಪು ವೈನ್ ಕೋಣೆಯ ಉಷ್ಣಾಂಶದಲ್ಲಿ ಅಂತ ಹೇಳಿದವರು ಚಳಿದೇಶದವರು, ಅವರ ಕೋಣೆ 16–18 ಡಿಗ್ರಿ. ನಮ್ಮ ಏಪ್ರಿಲ್ ಕೋಣೆ ಅಲ್ಲ.

ಕಲಬುರಗಿ_ಕಾವೇರಿ:
ನಮ್ಮ ಕಡಿ ಅಂಗಡಿಯೊಳಗ ವೈನ್ ಬಾಟ್ಲಿ ಇಡೂ ರೀತಿ ನೋಡಿದ್ರ ಜೀವ ಚುರ್ ಅಂತದ. ಮೇ ತಿಂಗಳು 43 ಡಿಗ್ರಿ ಬಿಸಿಲು, ಬಾಟ್ಲಿ ಗಾಜಿನ ಕಪಾಟಿನ್ಯಾಗ ಬಿಸಿಲಿಗೆ ನಿಂತಿರ್ತದ. ಮಾಡಿದವ್ರ ಕಷ್ಟ ಎಲ್ಲಾ ಅಲ್ಲೇ ಹೋಗ್ತದ. ಕೊಂಡವ್ರು ಕುಡದು ನಮ್ಮ ರಾಜ್ಯದ ವೈನ್ ಛಲೋ ಇಲ್ಲ ಅಂತಾರ.

ಎಚ್‌ಎಸ್‌ಆರ್_ಹರೀಶ:
ಇದು ನಿಜ. ಬಿಸಿಲಿಗೆ ಬೆಂದ ವೈನ್ ಬೇಯಿಸಿದ ಹಣ್ಣಿನ ಥರ ಆಗುತ್ತೆ. ಎಸಿ ಇರುವ, ಮಾಲು ಬೇಗ ಖಾಲಿಯಾಗುವ ಅಂಗಡಿಯಲ್ಲೇ ಕೊಳ್ಳಿ. ಕೊಪ್ಪಳ ಜಿಲ್ಲೆಯ ಗುಡ್ಡದಲ್ಲಿ ಬೆಳೆಯುವ ಕ್ರಸ್ಮಾ ವೈನ್‌ಗಳನ್ನು ಸರಿಯಾಗಿ ಇಟ್ಟಿದ್ದ ಕಡೆ ಕೊಂಡು ಕುಡಿದಾಗ, ಅಷ್ಟು ಬಿಸಿ ನಾಡಿನಲ್ಲಿ ಹೀಗೂ ಬೆಳೀಬಹುದಾ ಅಂತ ಬೆರಗಾಗಿದ್ದೆ.

ಹಳ್ಳಿಮನೆ_ಶಾರದಾ:
ಒಂದು ಕೇಳಲಾ? ನಮ್ಮ ಅತ್ತೆ ಬಾಣಂತನದಲ್ಲಿ ದ್ರಾಕ್ಷಾಸವ ಕೊಡುತ್ತಿದ್ದರು. ಅದೂ ಹುದುಗಿಸಿದ್ದೇನಾ?

ತೋಟಗಾರಿಕೆ_ಓದು:
ಹೌದಮ್ಮ. ದ್ರಾಕ್ಷಿಗೆ ಬೆಲ್ಲ ಅಥವಾ ಸಕ್ಕರೆ, ಧಾತಕಿ ಹೂವು ಸೇರಿಸಿ ಹುದುಗಿಸುವುದು. ಅದರಲ್ಲೂ ತಾನಾಗಿ ಹುಟ್ಟಿದ ಆಲ್ಕೋಹಾಲ್ ಇರುತ್ತದೆ, ಸೀಸೆಯ ಚೀಟಿಯ ಮೇಲೆ ಬರೆದಿರುತ್ತಾರೆ. ಧಾತಕಿ ಹೂವಿನ ಜೊತೆ ಬರುವ ಯೀಸ್ಟೇ ಹುದುಗು ಶುರುಮಾಡುತ್ತದೆ ಅಂತಾರೆ. ಕಂಕನಾಡಿ ಅಕ್ಕನ ಗೋಧಿಯ ವಿಷಯ ನಾನೂ ಇನ್ನೊಮ್ಮೆ ಪರೀಕ್ಷೆ ಮಾಡಿ ನೋಡಬೇಕು.

ಕಂಕನಾಡಿ_ಕಿಚನ್:
ಮಾಡಿ ನೋಡಿ. ಎರಡು ಭರಣಿ ಇಡಿ, ಒಂದಕ್ಕೆ ಗೋಧಿ ಹಾಕಿ, ಇನ್ನೊಂದಕ್ಕೆ ಬೇಡ. ಮೂರನೆಯದು ಬೇಕಾಗುವುದಿಲ್ಲ.

ನೆಲಮಾಳಿಗೆ_ಹುಡುಗ:
ಊಟದ ಮೇಜಿನವರು ಹೇಳಿದ್ದನ್ನು ಓದಿ ನೆನ್ನೆ ನಮ್ಮ ವೈನ್ ಮೇಕರ್ ಹತ್ತಿರ ಮಾತಾಡಿದೆ. ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ನೊರೆಯುಕ್ಕುವ ಸ್ಪಾರ್ಕ್ಲಿಂಗ್ ವೈನಿಗೆ ಮೊದಲು ಮಾಡುವ ಮೂಲ ವೈನ್ ಶೇ 10ರ ಆಸುಪಾಸು ಇರಬೇಕು, ಹುಳಿ ತೀಕ್ಷ್ಣವಾಗಿರಬೇಕು. ಷಾಂಪೇನ್ ಸೀಮೆಯಲ್ಲಿ ಅದಕ್ಕಾಗಿಯೇ ಹಣ್ಣನ್ನು ಪೂರ್ತಿ ಸಿಹಿಯಾಗಲು ಬಿಡದೆ ಕೊಯ್ತಾರೆ. ಬ್ಲೂ ತಾನಾಗಿಯೇ ಅಲ್ಲಿ ನಿಂತಿದೆ. ಸಿಪ್ಪೆ ಜೊತೆ ಜಾಸ್ತಿ ಹೊತ್ತು ಬಿಡದೆ ಬೇಗ ಹಿಂಡಿದರೆ ಆ ಜಾಮ್ ಘಮ ಅರ್ಧಕ್ಕಿಳಿಯುತ್ತೆ, ಬಣ್ಣ ಗುಲಾಬಿ. ಮಹಾರಾಷ್ಟ್ರದ ನಾರಾಯಣಗಾಂವ್‌ನಲ್ಲಿ ಇಂಡೇಜ್ ಕಂಪನಿ 1980ರ ದಶಕದಲ್ಲೇ ತಿನ್ನುವ ಥಾಮ್ಸನ್ ದ್ರಾಕ್ಷಿಯನ್ನೂ ಬಳಸಿ ಸ್ಪಾರ್ಕ್ಲಿಂಗ್ ಮಾಡಿ ಹೊರದೇಶಕ್ಕೆ ಕಳಿಸಿತ್ತು, ನಾವು ಬ್ಲೂನಲ್ಲಿ ಯಾಕೆ ಮಾಡಬಾರದು ಅಂದರು.

ಸ್ಟುಟ್‌ಗಾರ್ಟ್_ಕನ್ನಡಿಗ:
ಊಹುಡ್ಲರ್‌ನಲ್ಲೂ ನೊರೆ ಬರುವ ಬಗೆ ಇದೆ, ಬೇಸಿಗೆಯಲ್ಲಿ ಅದೇ ಹೆಚ್ಚು ಹೋಗೋದು. ದಯವಿಟ್ಟು ಮಾಡಿಸಿ!

ಕಲ್ಲುಕಂಬ_ಚಪ್ಪರ:
ಹಣ್ಣು ನಾನು ಕೊಡ್ತೀನಿ. ಯಾವ ಫಸಲು ಬೇಕು ಹೇಳಿ. ಮಳೆಗಾಲದ ಫಸಲಿಗೆ ಡೌನಿ ಅನ್ನೋ ಬೂಷ್ಟು ರೋಗ ಹೊಡೆಯುತ್ತೆ, ಔಷಧಿ ಜಾಸ್ತಿ ಹೊಡೀಬೇಕು, ಸಿಹಿಯೂ ಇರಲ್ಲ. ಬೇಸಿಗೆ ಫಸಲು ಶುದ್ಧ.

ನೆಲಮಾಳಿಗೆ_ಹುಡುಗ:
ಬೇಸಿಗೆದೇ ಬೇಕು. ಒಂದು ಟನ್ ಸಾಕು, ಒಂದು ಚಿಕ್ಕ ಟ್ಯಾಂಕ್ ಅವರು ಬಿಟ್ಟುಕೊಡ್ತಾರಂತೆ. ಆ ಸಾಲುಗಳಲ್ಲಿ ಅರ್ಧ ಗೊಂಚಲು ಕಾಯಿಯಾಗಿದ್ದಾಗಲೇ ಇಳಿಸಬೇಕು, ಕೊಯ್ಲಿಗೆ ಮುಂಚೆ ನೀರು ನಿಲ್ಲಿಸಬೇಕು, ಔಷಧಿ ಹೊಡೆದ ದಿನಾಂಕ ಎಲ್ಲಾ ಬರೆದಿಡಬೇಕು. ತಾಮ್ರ, ಗಂಧಕ ಹಣ್ಣಿನ ಮೇಲೆ ಉಳಿದರೆ ಹುದುಗು ಕೆಡುತ್ತೆ. ವೈನರಿ ಲೈಸೆನ್ಸಿನಲ್ಲೇ ಆಗೋದರಿಂದ ನಿಮಗೆ ತೊಂದರೆ ಇಲ್ಲ, ಹಣ್ಣು ಮಾರಿದ ಹಾಗೆ.

ತಿಕೋಟಾ_ತ್ವಾಟ:
ಅಣ್ಣಾರ, ಗೊಂಚಲು ಕತ್ತರಿಸೂ ಮುಂದ ರೇಟ್ ಮಾತಾಡ್ರಿ. ಅರ್ಧ ಇಳುವರಿಗೆ ಪೂರಾ ರೇಟ್ ಕೊಡಬೇಕು. ಕಿಲೋ ಲೆಕ್ಕ ಬ್ಯಾಡ, ಎಕರೆ ಲೆಕ್ಕ ಮಾಡ್ರಿ. ಬರವಣಿಗಿಯೊಳಗ ಇರಲಿ.

ಕಲ್ಲುಕಂಬ_ಚಪ್ಪರ:
ಸರಿ ಅಣ್ಣ, ಸಾಲಿನ ಲೆಕ್ಕದಲ್ಲೇ ಕೇಳ್ತೀನಿ. ನೆಲಮಾಳಿಗೆಯವರೇ, ನಿಮಗೆ ಮೆಸೇಜ್ ಹಾಕಿದ್ದೀನಿ, ಈ ಭಾನುವಾರ ತೋಟಕ್ಕೆ ನಿಮ್ಮ ವೈನ್ ಮೇಕರ್ ಜೊತೆ ಬನ್ನಿ. ಚಾಟ್ನಿಗೆ ಮುಂಚೆಯೇ ಯಾವ ಸಾಲು ಅಂತ ಗುರುತು ಹಾಕಬೇಕು. ಆ ಕೆರೆ ತಾಕಿನ ಹಿರಿಯಮ್ಮ ಬರೋದಾದ್ರೆ ಅವರನ್ನೂ ಕರ್ಕೊಂಡು ಬನ್ನಿ.

ಕಂಕನಾಡಿ_ಕಿಚನ್:
ಹಾಗೇ ಒಂದು ಹತ್ತು ಕಿಲೋ ಮಂಗಳೂರು ಬಸ್ಸಿಗೆ ಹಾಕಿ. ಹಣ ಮೊದಲೇ ಕಳಿಸುತ್ತೇನೆ.